ಮಾತು ಬಲ್ಲವರಿಗೆ ಮಾತು ಕಲಿಸುವುದು

ಅಡಿಗೆ ಕಲಿಸಬಹುದು, ಹೊಲಿಗೆ ಕಲಿಸಬಹುದು, ಲೆಕ್ಕವನ್ನಂತೂ ಬೆತ್ತ ಹಿಡಿದಾದರೂ ಕಲಿಸುತ್ತಿದ್ದ ಕಾಲವೊಂದಿತ್ತು. ಆದರೆ ಮಾತನಾಡುವುದನ್ನು ಕಲಿಸುವುದು ಹೇಗೆ? ಯಾರ ಪಾಠವೂ ಇಲ್ಲದೆ ವರ್ಷ ತುಂಬುವುದರೊಳಗೆ ‘ಅವ್ವಾ’ ಎಂದು ಶುರು ಮಾಡಿದ ಮಗುವಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ‘ಭಾಷಣ ಕಲೆ’ ಎಂದು ಕರಿಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು ಪಾಠ ಹೇಳುವುದೆಂದರೆ ನನಗೆ ಇವತ್ತಿಗೂ ಸ್ವಲ್ಪ ನಗು ಬರುತ್ತದೆ. ಹಾಗೆ ನಗು ಬಂದರೂ ಕೆಲವು ವರ್ಷಗಳಿಂದ ನಾನು ಅದೇ ಕೆಲಸವನ್ನು ಮಾಡುತ್ತಿದ್ದೇನೆ. ಭಾಷಣದ ಜೊತೆಗೆ ಬರವಣಿಗೆ, ಜಾಹೀರಾತು ಎಂಬ ಇನ್ನೆರಡು ವಿದ್ಯೆಗಳನ್ನೂ ಕಾಲೇಜಿನ ಹುಡುಗ ಹುಡುಗಿಯರಿಗೆ ಹೇಳಿಕೊಡುತ್ತಿದ್ದೇನೆ.

ನಾನು ಬಿ.ಎ., ಬಿ.ಎಡ್. ಆದ ಹೈಸ್ಕೂಲು ಶಿಕ್ಷಕಿ. ಕಾಲೇಜಿನಲ್ಲಿ ಪಾಠ ಹೇಳಲು ಬೇಕಾದ ಪದವಿಗಳು ನನ್ನಲ್ಲಿಲ್ಲ. ಆದರೆ ಈಗಿನ ಕಾಲೇಜುಗಳಲ್ಲಿ ಪಠ್ಯದ ಹೊರಗೆ ಮೂವತ್ತು ತಾಸಿನ ಸರ್ಟಿಫಿಕೇಟ್ ಕೋರ್ಸುಗಳೆಂದು ಇರುತ್ತವೆ. ಅವುಗಳನ್ನು ನಡೆಸಿದರೆ ನ್ಯಾಕ್ ಸಮಿತಿಯವರು ಬಂದಾಗ ಕಡತದಲ್ಲಿ ತೋರಿಸಲು ಬರುತ್ತದೆ. ಕನ್ನಡ ಚೆನ್ನಾಗಿ ಹೇಳುತ್ತಾರೆ ಎಂದು ಯಾರೋ ನನ್ನ ಹೆಸರು ಹೇಳಿದರು. ನಮ್ಮ ಶಾಲೆಗೆ ಶನಿವಾರ ಬೆಳಗಿನ ತರಗತಿ ಮಾತ್ರ, ಮಧ್ಯಾಹ್ನ ಬಿಡುವು. ಹೀಗಾಗಿ ಮೊದಲು ಹಾನಗಲ್ಲಿನಲ್ಲಿ, ಆಮೇಲೆ ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಶನಿವಾರದ ಮಧ್ಯಾಹ್ನಗಳು ನನ್ನ ಪಾಲಿಗೆ ಬಂದವು. ಈ ನಾಲ್ಕೂ ತಾಲೂಕುಗಳಲ್ಲಿ ವರ್ಗವಾಗಿ ಅಲೆದವಳು ನಾನು. ನೌಕರಿಗೆ ಸೇರಿದಾಗ ಇವೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದವು, 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದವು. ನಾನು ಮಾತ್ರ ಅದೇ ಬಸ್ಸುಗಳಲ್ಲಿ, ಅದೇ ಕಿಟಕಿಯ ಪಕ್ಕದಲ್ಲಿ ಕುಳಿತೇ ಇದ್ದೇನೆ. ಸಂಭಾವನೆ ಏನು ಎಂದು ಕೇಳಬೇಡಿ. ನಮ್ಮ ಮನೆಯ ಟ್ರಂಕಿನಲ್ಲಿ ಶಾಲುಗಳಿಗೆ ಈಗ ಜಾಗವಿಲ್ಲ.

ಬರವಣಿಗೆಯಿಂದ ಪ್ರಾರಂಭಿಸುತ್ತೇನೆ. ನಮ್ಮ ಮಕ್ಕಳಿಗೆ ಬರೆಯಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವಲ್ಲ. ಅವರಿಗೆ ಬರವಣಿಗೆ ಬಹಳ ಬರುತ್ತದೆ, ಆದರೆ ಅದು ಅವರದಲ್ಲ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬಲ್ಲಿಂದ ಹೊರಟ ಅರ್ಜಿ, ಜ್ವರ ಬಂದಿತ್ತು ಎಂಬ ಒಂದು ಸಂಗತಿಯನ್ನು ಹೇಳುವಷ್ಟರಲ್ಲಿ ಜ್ವರವೇ ಇಳಿದಿರುತ್ತದೆ. ಒಮ್ಮೆ ಹಾನಗಲ್ಲಿನಲ್ಲಿ ‘ನಿಮ್ಮ ಮನೆಯಲ್ಲಿ ರೊಟ್ಟಿ ಮಾಡುವುದನ್ನು ಬರೆಯಿರಿ’ ಎಂದೆ. ಮೊದಲ ಬೆಂಚಿನ ಹುಡುಗಿ ಬರೆದ ಮೊದಲ ಸಾಲು: ‘ರೊಟ್ಟಿಯು ಉತ್ತರ ಕರ್ನಾಟಕದ ಪ್ರಮುಖ ಆಹಾರವಾಗಿದೆ.’

“ಇದು ನಿಮ್ಮವ್ವಗ ಗೊತ್ತೈತೇನು?” ಎಂದು ಕೇಳಿದೆ.

“ಇಲ್ರೀ ಮೇಡಂ.”

“ನಿಮ್ಮವ್ವಗ ಏನ್ ಗೊತ್ತೈತಿ?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳತೊಡಗಿದಳು. ಹಿಟ್ಟು ಹಳೆಯದಾದರೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ, ಆಗ ಕುದಿಯುವ ನೀರು ಹಾಕಿ ನಾದಬೇಕು. ಹಿಟ್ಟನ್ನು ಮುಟ್ಟಿ ನೋಡಿಯೇ ಅವ್ವ ‘ಇದು ಹೋದ ವಾರ ಬೀಸಿಸಿದ್ದು’ ಎಂದು ಹೇಳುತ್ತಾಳೆ. ಹೇಳುತ್ತ ಹೇಳುತ್ತ ಅವಳ ಅಂಗೈ ಬೆಂಚಿನ ಮೇಲೆ ತಾನಾಗಿಯೇ ಬಡಿಯುತ್ತಿತ್ತು.

“ಇದನ್ನ ಬರಿ” ಎಂದೆ.

“ಇದನ್ನೆಲ್ಲಾ ಬರೀಬಹುದೇನ್ರೀ? ಇದು ಮನೀ ಮಾತಲ್ರೀ?”

ಮೂವತ್ತು ವರ್ಷಗಳ ಮಾಸ್ತರಿಕೆಯಲ್ಲಿ ನಾನು ಕೇಳಿದ ಅತ್ಯಂತ ದುಃಖದ ಪ್ರಶ್ನೆ ಇದು. ಹದಿನೈದು ವರ್ಷ ಶಾಲೆ ಕಲಿತ ಹುಡುಗಿಗೆ ಮನೆಯ ಮಾತು ಕಾಗದಕ್ಕೆ ಬರಕೂಡದು ಎಂದು ನಾವೆಲ್ಲ ಸೇರಿ ಕಲಿಸಿಬಿಟ್ಟಿದ್ದೇವೆ. ಇವರಲ್ಲಿ ಹೆಚ್ಚಿನವರು ತಮ್ಮ ಮನೆಯಿಂದ ಮೊದಲ ಸಲ ಕಾಲೇಜು ಕಂಡವರು. ನೌಕರಿಯ ಅರ್ಜಿ, ಬ್ಯಾಂಕಿನ ಸಾಲ, ತಹಶೀಲ್ದಾರರ ಕಚೇರಿ, ಎಲ್ಲ ಕಡೆಗೂ ಮನೆಮಂದಿಯ ಪರವಾಗಿ ಬರೆಯಬೇಕಾದವರು ಇವರೇ. ತಮಗೆ ಗೊತ್ತಿದ್ದುದನ್ನು ಬಿಟ್ಟು ಗೊತ್ತಿಲ್ಲದ ಭಾಷೆಯಲ್ಲಿ ಬರೆದರೆ, ಓದುವವನಿಗೆ ಅದರಲ್ಲಿ ಒಬ್ಬ ಮನುಷ್ಯ ಕಾಣುವುದಾದರೂ ಹೇಗೆ?

ಈಗ ಮತ್ತೊಂದು ಸೌಕರ್ಯ ಬಂದಿದೆ. ಮೊಬೈಲಿಗೆ ವಿಷಯ ಹೇಳಿದರೆ ಸಾಕು, ಅದೇ ಪ್ರಬಂಧ ಬರೆದುಕೊಡುತ್ತದೆ. ಒಂದು ಶನಿವಾರ ‘ನಮ್ಮೂರ ಕೆರೆ’ ಎಂಬ ವಿಷಯಕ್ಕೆ ಬೇರೆ ಬೇರೆ ಊರಿನ ಇಬ್ಬರು ಹುಡುಗರು ಒಂದೇ ಕೆರೆಯನ್ನು ತಂದಿದ್ದರು. ಎರಡರಲ್ಲೂ ಹಂಸಗಳು ತೇಲುತ್ತಿದ್ದವು. “ನಿಮ್ಮ ಕೆರ್ಯಾಗ ಹಂಸ ಎಂದ್ ಬಂದಿದ್ವಪಾ?” ಎಂದೆ. ಇಡೀ ತರಗತಿ ನಕ್ಕಿತು. ಅವರನ್ನು ಬೈಯಲಿಲ್ಲ. ಯಂತ್ರದ ಕೆರೆಗೂ ನಾವು ಇಷ್ಟು ವರ್ಷ ಬಾಯಿಪಾಠ ಮಾಡಿಸಿದ ನಿಬಂಧಮಾಲೆಯ ಕೆರೆಗೂ ಬಹಳ ಅಂತರವೇನಿಲ್ಲ. ಹಿಟ್ಟಿನ ಜಿಗಿ ಎರಡಕ್ಕೂ ಗೊತ್ತಿಲ್ಲ.

ಇನ್ನು ಭಾಷಣ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ, ಪ್ರತಿಭಾ ಕಾರಂಜಿ ಎಂದು ಮಕ್ಕಳನ್ನು ತಯಾರು ಮಾಡಿದವಳು ನಾನು. ಆ ಭಾಷಣಗಳ ಧಾಟಿ ನಿಮಗೂ ಗೊತ್ತಿರಬೇಕು. ‘ಸನ್ಮಾನ್ಯ ಅಧ್ಯಕ್ಷರೆ, ನಿಷ್ಪಕ್ಷಪಾತ ನಿರ್ಣಾಯಕರೆ’ ಎಂದು ಪ್ರಾರಂಭವಾಗಿ, ಮೂರು ನಿಮಿಷ ಉಸಿರು ಬಿಡದೆ ಓಡಿ, ‘ನನ್ನೆರಡು ಮಾತುಗಳಿಗೆ ವಿರಾಮ’ ಹೇಳುವ ರೈಲುಗಾಡಿ ಅದು. ಕೇಳಿದವರಿಗೆ ಚಪ್ಪಾಳೆ ಹೊಡೆಯುವುದೊಂದೇ ಕೆಲಸ.

ಕಾಲೇಜಿನಲ್ಲಿ ನಾನು ಧ್ವನಿವರ್ಧಕವನ್ನು ಮೊದಲ ದಿನವೇ ಬದಿಗಿಡಿಸುತ್ತೇನೆ. ನಮ್ಮ ಭಾಗದಲ್ಲಿ ಮಾತಿಗೆ ಮಾದರಿಗಳೇನು ಕಡಿಮೆಯೇ? ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕಾಲಕ್ಕೆ ನಡೆಯುವ ಕಾರಣಿಕವನ್ನು ಹಿರೇಕೆರೂರಿನ ಹುಡುಗರು ನೋಡಿಯೇ ಇರುತ್ತಾರೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಸಾವಿರಾರು ಜನ ಗಪ್‌ಚುಪ್. ಆಮೇಲೆ ಒಂದೇ ಒಂದು ಸಾಲು. ಅಷ್ಟು ಹೇಳಿ ಕೆಳಕ್ಕೆ ಧುಮುಕುತ್ತಾನೆ. ಆ ಒಂದು ಸಾಲು ಮಳೆಯದೋ, ಬೆಳೆಯದೋ, ರಾಜಕಾರಣದ್ದೋ ಎಂದು ಊರೂರ ಕಟ್ಟೆಗಳಲ್ಲಿ ವರ್ಷವಿಡೀ ಅರ್ಥ ಬಿಡಿಸುತ್ತಾರೆ. ಭವಿಷ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಾನು ಮಕ್ಕಳಿಗೆ ತೋರಿಸುವುದು ಎರಡೇ ಸಂಗತಿ: ಮಾತಿಗೆ ಮೊದಲಿನ ಮೌನ, ಮಾತು ಮುಗಿದ ಕೂಡಲೇ ಇಳಿದುಬಿಡುವುದು. ನಮ್ಮ ಸಭೆಗಳ ಭಾಷಣಕಾರರಿಗೆ ಇವೆರಡೂ ತಿಳಿಯದು.

ಶಿಗ್ಗಾಂವಿಯಲ್ಲಾದರೆ ಶರೀಫರಿದ್ದಾರೆ. ಅದೇ ತಾಲೂಕಿನ ಶಿಶುವಿನಹಾಳದ ಶರೀಫರು (1819–1889) ಕೆಲವು ಕಾಲ ಶಾಲಾ ಮಾಸ್ತರರಾಗಿದ್ದವರು ಎಂದರೆ ಹುಡುಗರಿಗೆ ಆಶ್ಚರ್ಯ. ಸೋರುವ ಮಾಳಿಗೆಯನ್ನು ಕಂಡರೂ ಪದ ಕಟ್ಟಿದ ಆ ಮಹನೀಯರು ಕೇಳುವವನ ಅಂಗಳದಲ್ಲಿ ಇದ್ದುದನ್ನೇ ಎತ್ತಿಕೊಂಡು ಅವನಿಗೆ ತಿಳಿಯದ್ದನ್ನು ಹೇಳಿದರು. ಇಂಗ್ಲಿಷ್ ಬರುವುದಿಲ್ಲ ಎಂದು ತಲೆ ತಗ್ಗಿಸುವವರಿಗೆ ಸವಣೂರಿನಲ್ಲಿ ವಿ.ಕೃ. ಗೋಕಾಕರ ಹೆಸರು ಹೇಳುತ್ತೇನೆ. ನವಾಬರ ಆ ಚಿಕ್ಕ ಸಂಸ್ಥಾನದಲ್ಲಿ 1909ರಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದರು, ಇಂಗ್ಲಿಷ್ ಪ್ರಾಧ್ಯಾಪಕರಾದರು, ಕನ್ನಡದಲ್ಲಿ ಬರೆದು 1990ರ ಜ್ಞಾನಪೀಠ ಪ್ರಶಸ್ತಿ ಪಡೆದರು. ಒಂದು ಭಾಷೆ ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸವಣೂರಿನಲ್ಲೇ ಒಬ್ಬ ಹುಡುಗಿ ಇದ್ದಳು. ತಂದೆಯದು ಎಲೆಬಳ್ಳಿಯ ತೋಟ. ಎಲೆ ಎಣಿಸುವಾಗ ಅವಳ ಕೈ, ಗಿರಾಕಿಗಳ ಜೊತೆ ಅವಳ ಬಾಯಿ ಎರಡೂ ಒಂದೇ ವೇಗದಲ್ಲಿ ನಡೆಯುತ್ತಿದ್ದುದನ್ನು ನಾನು ಪೇಟೆಯಲ್ಲಿ ಕಂಡಿದ್ದೆ. ತರಗತಿಯಲ್ಲಿ ಮಾತ್ರ ಎದ್ದು ನಿಂತರೆ ಮೂಗುತಿ ಮುಟ್ಟಿಕೊಳ್ಳುವುದೊಂದೇ. ಆರನೆಯ ಶನಿವಾರ ಎಲ್ಲರೂ ಹೋದ ಮೇಲೆ ನಿಂತುಕೊಂಡಳು. ಮನೆಯಲ್ಲಿ ಲಗ್ನ ಗೊತ್ತು ಮಾಡುತ್ತಿದ್ದಾರೆ, ಬಿ.ಎ. ಮುಗಿಸಿ ಬಿ.ಎಡ್. ಮಾಡಬೇಕೆಂದಿದ್ದೆ, ಅಪ್ಪನ ಮುಂದೆ ಬಾಯಿ ಬರುವುದಿಲ್ಲ, ನೀವೇ ಬಂದು ಹೇಳಿರಿ ಎಂದಳು.

ಹೋಗಿ ಹೇಳಬಹುದಿತ್ತು. ಬಾಯಾರು ಬಂದರೆಂದು ಆ ಮನುಷ್ಯ ಚಹಾ ತರಿಸಿ, ಎಲ್ಲದಕ್ಕೂ ಹೂಂ ಎಂದು, ನಾನು ಬಸ್ಸು ಹತ್ತಿದ ಮೇಲೆ ತನ್ನ ಮನಸ್ಸಿಗೆ ಬಂದಂತೆ ಮಾಡುತ್ತಿದ್ದ. “ನೀನ ಮಾತಾಡಬೇಕವಾ” ಎಂದೆ. ಇಬ್ಬರೂ ಖಾಲಿ ಬೆಂಚಿನ ಮೇಲೆ ಕುಳಿತು ತಯಾರಿ ಮಾಡಿದೆವು. ಅಪ್ಪನಿಗೆ ಯಾವುದರ ಭಯ? ಜನ ಏನೆಂದಾರು ಎಂಬುದು, ಮತ್ತು ಹಣ. ಹಾಗಾದರೆ ಹಣದ ಲೆಕ್ಕ ಮೊದಲು. ಎಷ್ಟು ಬೇಕು, ಎಷ್ಟು ವಿದ್ಯಾರ್ಥಿವೇತನ ಬರುತ್ತದೆ, ಯಾವ ವರ್ಷ ಮುಗಿಯುತ್ತದೆ. ಅಳಬಾರದು, ಅವ್ವನನ್ನು ನಡುವೆ ಎಳೆಯಬಾರದು, ಅಪ್ಪ ಊಟ ಮಾಡಿ ಕೈ ತೊಳೆದ ಮೇಲೆ ಮಾತು. ಕೊನೆಯ ಮಾತನ್ನು ಮಾತ್ರ ನಾನು ಹೇಳಿಕೊಟ್ಟಿರಲಿಲ್ಲ. ಅದು ಅವಳದೇ. “ಅಪ್ಪಾ, ಬಳ್ಳಿ ಹಚ್ಚಿದ ಮರುದಿನಾನ ಎಲಿ ಕೊಯ್ತಿಯೇನು? ನನಗೂ ಎರಡು ವರ್ಷ ಕೊಡು” ಎಂದಳಂತೆ.

ಆ ರಾತ್ರಿ ಅಪ್ಪ ಏನೂ ಹೇಳಲಿಲ್ಲವಂತೆ. ವಾರದ ಮೇಲೆ ಬೀಗರಿಗೆ ಹೇಳಿ ಕಳಿಸಿದ: ಹುಡುಗಿ ಓದು ಮುಗಿಸಲಿ, ಕಾಯುವುದಾದರೆ ಕಾಯಿರಿ. ಅವರು ಕಾಯಲಿಲ್ಲ. ಮುಂದಿನ ವರ್ಷ ಹುಡುಗಿ ಬಿ.ಎಡ್.ಗೆ ಸೇರಿದಳು. ಸಾವಿರ ಜನರ ಸಭೆಗಿಂತ ಮನೆಯ ಪಡಸಾಲೆ ಕಠಿಣವಾದ ವೇದಿಕೆ ಎಂದು ಅಂದಿನಿಂದ ನಾನು ಎಲ್ಲ ತರಗತಿಗಳಲ್ಲೂ ಹೇಳುತ್ತೇನೆ. ಹೆಸರು ಹೇಳುವುದಿಲ್ಲ.

ಮೂರನೆಯದು ಜಾಹೀರಾತು. ಇದನ್ನು ಕಲಿಸಬೇಕೆಂದಾಗ ನನಗೆ ಮೈ ಮುದುಡಿತು. ನಮ್ಮ ಕಾಲದವರಿಗೆ ಜಾಹೀರಾತೆಂದರೆ ಅರ್ಧ ಸುಳ್ಳು ಎಂಬ ಭಾವನೆ. ಆದರೆ ಗಳಗನಾಥರ ನೆನಪಾಯಿತು. ಹಾವೇರಿ ತಾಲೂಕಿನ ಗಳಗನಾಥದ ವೆಂಕಟೇಶ ತಿರಕೊ ಕುಲಕರ್ಣಿಯವರು (1869–1942) ಮಾಸ್ತರಿಕೆ ಮಾಡಿದವರು, ಕಾದಂಬರಿ ಬರೆದವರು, ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದವರು. ಕನ್ನಡ ಓದುವವರೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ತಮ್ಮ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂದು ನಮ್ಮ ಕಡೆ ಇನ್ನೂ ಹೇಳುತ್ತಾರೆ. ಅದೂ ಜಾಹೀರಾತೇ. ಆದರೆ ಮಾರುವವನ ತಲೆ ಅದರ ಕೆಳಗಿತ್ತು.

ಹಿರೇಕೆರೂರಿನ ತರಗತಿಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಸಂಜೆ ಕೆಲಸ ಮಾಡುವ ಹುಡುಗನೊಬ್ಬನಿದ್ದ. ಚುರುಕು ಹುಡುಗ, ಪ್ರಾಸ ಅವನ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಗೋವಿನಜೋಳದ ಬೀಜಕ್ಕೆ ಅವನು ಬರೆದ ಕರಪತ್ರವನ್ನು ಓದಿದಾಗ ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಎಂಥ ಮಳೆಗೂ ಜಗ್ಗದ, ಯಾವ ಹುಳಕ್ಕೂ ಬಗ್ಗದ, ಎಕರೆಗೆ ಇಷ್ಟು ಕ್ವಿಂಟಲ್ ಗ್ಯಾರಂಟಿ ಎಂದಿತ್ತು.

“ನಿಮ್ಮ ಹೊಲಕ್ಕ ಇದನ್ನ ಬಿತ್ತೀರೇನು?” ಎಂದು ಕೇಳಿದೆ.

“ನಮ್ಮಪ್ಪ ಬ್ಯಾರೇದು ತಂದಾನ್ರೀ.”

“ಯಾಕ?”

ಹುಡುಗ ಉತ್ತರ ಕೊಡಲಿಲ್ಲ. ಚಪ್ಪಾಳೆ ಹೊಡೆದವರೂ ಸುಮ್ಮನಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೈತರ ಮಕ್ಕಳು. ಮೊಳೆಯದ ಬೀಜವೆಂದರೆ ಏನೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಹೋದ ಹದ ಮತ್ತೆ ಬರುವುದಿಲ್ಲ. ಸಾಲ ಮಾತ್ರ ಹಾಗೆಯೇ ನಿಂತಿರುತ್ತದೆ.

ಮುಂದಿನ ಶನಿವಾರ ನಾಲ್ಕಾರು ಬೀಜದ ಚೀಲಗಳ ಬಾಯಿಗೆ ಹೊಲಿದ ಚೀಟಿಗಳನ್ನು ತರಲು ಹೇಳಿದೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ತಳಿಯ ಹೆಸರು, ಲಾಟ್ ನಂಬರು, ಪರೀಕ್ಷೆ ಮಾಡಿದ ತಾರೀಖು, ಶುದ್ಧತೆ, ನೂರಕ್ಕೆ ಎಷ್ಟು ಕಾಳು ಮೊಳೆಯುತ್ತವೆ ಎಂಬ ಲೆಕ್ಕ. ಭತ್ತಕ್ಕೆ ನೂರಕ್ಕೆ 80, ಮೆಣಸಿನಕಾಯಿಗೆ 60 ಆದರೂ ಮೊಳೆಯಬೇಕೆಂದು ನಿಯಮ. ಪ್ರಮಾಣೀಕರಣಕ್ಕೆ ಹೋಗದೆ ಮಾರುವವರು ತಮ್ಮ ಜವಾಬ್ದಾರಿಯ ಮೇಲೆ ಹಚ್ಚುವ ಚೀಟಿಗೆ ಕೃಷಿ ಇಲಾಖೆಯವರು ‘ನಿಜಚೀಟಿ’ ಎನ್ನುತ್ತಾರೆ. ಎಂಥ ಒಳ್ಳೆಯ ಶಬ್ದ! ಪ್ರಾಸವಿಲ್ಲ, ಬಣ್ಣವಿಲ್ಲ, ಆದರೆ ಅದರಲ್ಲಿ ಬರೆದ ಪ್ರತಿಯೊಂದು ಅಂಕಿಗೂ ಬರೆದವನು ಉತ್ತರ ಹೇಳಬೇಕು.

ಆ ಬಳಿಕ ಕಾನೂನನ್ನೂ ಓದಿದೆವು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಹತ್ತು ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಹುದು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗಗಳನ್ನು ವಾಸಿ ಮಾಡುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನೇ 1954ರಲ್ಲಿ ಬಂದ ಕಾಯ್ದೆಯೊಂದು ನಿಷೇಧಿಸಿದೆ. ಇದನ್ನು ಕೇಳಿದ ಮಕ್ಕಳು ಊರ ಗೋಡೆಗಳನ್ನೂ ಕಂಬಗಳನ್ನೂ ಓದುತ್ತ ಹೋಗಿ ಎರಡು ಪುಟ ಪಟ್ಟಿ ಮಾಡಿಕೊಂಡು ಬಂದರು.

ಕಾನೂನಿಗಿಂತ ಅವರ ಮನಸ್ಸಿಗೆ ಹಿಡಿದದ್ದು ಕನಕದಾಸರ ‘ರಾಮಧಾನ್ಯಚರಿತೆ’. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ರಾಗಿಯನ್ನೂ ಭತ್ತವನ್ನೂ ರಾಮನ ಸಭೆಯಲ್ಲಿ ವಾದಕ್ಕೆ ನಿಲ್ಲಿಸಿದ ಕಥೆ ಅದು. ತಾನು ಹೆಚ್ಚು ಎಂದು ಒಂದು, ತಾನು ಹೆಚ್ಚು ಎಂದು ಇನ್ನೊಂದು. ಬರವಣಿಗೆ, ಭಾಷಣ, ಜಾಹೀರಾತು ಮೂರೂ ಒಂದೇ ಕಡೆ! ರಾಮ ಯಾರ ಮಾತಿಗೂ ಮರುಳಾಗಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಹೊರತೆಗೆದಾಗ ಭತ್ತ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ಹಾನಗಲ್ಲಿನವರು ಭತ್ತ ಬೆಳೆಯುವವರಾದ್ದರಿಂದ ಅಲ್ಲಿ ಈ ಪಾಠ ಹೇಳಿದಾಗ ತೀರ್ಪಿನ ಮೇಲೆ ಮೇಲ್ಮನವಿಯೇ ಬಂದಿತು. ಉಗ್ರಾಣ ತೇವವಿದ್ದಿರಬೇಕು ಎಂಬುದು ಅವರ ವಾದ. ಇರಲಿ. ಆಡಿದ ಮಾತು ಆರು ತಿಂಗಳ ಮೇಲೆ ಹೇಗಿರುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ.

ಹಿರೇಕೆರೂರಿನ ಹುಡುಗ ತನ್ನ ಕರಪತ್ರವನ್ನು ಮತ್ತೆ ಬರೆದ. ಎಷ್ಟು ಮೊಳೆಯುತ್ತದೆ, ಎಂಥ ಭೂಮಿಗೆ ಒಗ್ಗುತ್ತದೆ, ಮಳೆ ತಡವಾದರೆ ಏನಾಗಬಹುದು ಎಂದು ಚೊಕ್ಕವಾಗಿ ಹಾಕಿ, ‘ರಸೀದಿ ಮರೆಯದೆ ಕೇಳಿ ಪಡೆಯಿರಿ’ ಎಂದು ಮುಗಿಸಿದ್ದ. ಅಂಗಡಿಯವರು ಅದನ್ನು ನೋಡಿ, “ಇದು ಜಾಹೀರಾತೋ, ಪೊಲೀಸರ ಎಚ್ಚರಿಕೆಯೋ?” ಎಂದು ಕೇಳಿ ಮೇಜಿನ ಮೇಲೆ ಒಗೆದರಂತೆ. ಹಳೆಯ ಕರಪತ್ರವೇ ಅಚ್ಚಾಯಿತು. ಹಂಗಾಮು ಮುಗಿಯುವುದರೊಳಗೆ ಹುಡುಗನ ಕೆಲಸವೂ ಮುಗಿಯಿತು. ತಿಂಗಳಿಗೆ ಬರುತ್ತಿದ್ದ ಎರಡು ಸಾವಿರ ರೂಪಾಯಿ ಅವನ ಮನೆಗೆ ಸಣ್ಣ ಮೊತ್ತವಾಗಿರಲಿಲ್ಲ. “ನಿಜ ಬರೆದ್ರ ಹಿಂಗಾಕ್ಕೈತಿ ನೋಡ್ರೀ ಮೇಡಂ” ಎಂದ. ಅವನನ್ನು ಸಮಾಧಾನ ಪಡಿಸುವ ಸೂಕ್ತಿಗಳು ನನ್ನ ಬಳಿ ಬೇಕಾದಷ್ಟಿದ್ದವು, ಯಾವುದನ್ನೂ ಹೇಳಲಿಲ್ಲ. ಅವನ ಎರಡು ಸಾವಿರ ಅವುಗಳಿಂದ ತುಂಬಿ ಬರುವಂಥದಲ್ಲ.

ಆದರೆ ಅವನೇ ಸುಮ್ಮನಿರಲಿಲ್ಲ. ಅದೇ ಬರಹವನ್ನು ಸ್ವಲ್ಪ ತಿದ್ದಿ, ‘ಬೀಜ ತಗೊಳ್ಳೂ ಮುಂದ’ ಎಂದು ತಲೆಬರಹ ಕೊಟ್ಟು, ಚೀಟಿ ಓದುವ ರೀತಿಯನ್ನು ನಮ್ಮ ಕಡೆಯ ಮಾತಿನಲ್ಲೇ ಬರೆದು, ಝೆರಾಕ್ಸ್ ಮಾಡಿಸಿ ಊರಿನ ಹಾಲಿನ ಡೇರಿಯ ಗೋಡೆಗೆ ಅಂಟಿಸಿದ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಹೆಂಗಸರು, ಗಂಡಸರು ಪಾಳಿಯಲ್ಲಿ ನಿಂತಾಗ ಅದನ್ನು ಓದುತ್ತಾರೆ. ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಾರೆ. ಮರುವರ್ಷ ಪಕ್ಕದ ಊರಿನವರೂ ಪ್ರತಿ ಕೇಳಿ ತೆಗೆದುಕೊಂಡು ಹೋದರಂತೆ. ಯಾರೂ ಅವನಿಗೆ ಹಣ ಕೊಡಲಿಲ್ಲ. ನಾನು ನೋಡಿದ ಜಾಹೀರಾತುಗಳಲ್ಲಿ ಅದಕ್ಕೆ ನೂರಕ್ಕೆ ನೂರು ಅಂಕ ಕೊಡುತ್ತೇನೆ. ಕಾಗುಣಿತದ ತಪ್ಪು ಎರಡಿದ್ದವು, ಇರಲಿ.

ಮೂವತ್ತು ತಾಸು ಮುಗಿದ ಮೇಲೆ ಒಂದು ಪರೀಕ್ಷೆ ಇರಬೇಕೆಂದು ನಿಯಮ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಅಂಕವಿಲ್ಲದ ಒಂದು ಪ್ರಶ್ನೆ ಹಾಕುವ ರೂಢಿ ಇಟ್ಟುಕೊಂಡಿದ್ದೇನೆ: ‘ನಿಮ್ಮವರಲ್ಲಿ ಯಾರಿಗಾದರೂ ಹೇಳಬೇಕೆಂದು ಇನ್ನೂ ಹೇಳದೆ ಉಳಿಸಿಕೊಂಡ ಮಾತನ್ನು ಐದು ಸಾಲಿನಲ್ಲಿ ಬೇರೆ ಹಾಳೆಯ ಮೇಲೆ ಬರೆಯಿರಿ. ನನಗೆ ಕೊಡಬೇಡಿರಿ.’ ಅಲ್ಲಿಯವರೆಗೆ ಕೆಮ್ಮು, ಪಿಸುಮಾತು, ಪೆನ್ನು ಬೀಳುವ ಸದ್ದು ಇರುತ್ತದೆ. ಆ ಪ್ರಶ್ನೆಗೆ ಬಂದಾಗ ಕೋಣೆ ಗಪ್ಪಾಗುತ್ತದೆ. ಅಂಕವಿಲ್ಲದಿದ್ದರೂ ಅದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಗಂಟೆ ಬಾರಿಸಿದ ಮೇಲೆ ಉತ್ತರಪತ್ರಿಕೆಗಳನ್ನು ನನ್ನ ಕೈಗೆ ಕೊಟ್ಟು, ಆ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೋ ಕಂಪಾಸಿಗೋ ಸೇರಿಸಿಕೊಂಡು, ಐದೂವರೆಯ ಬಸ್ಸಿಗೆ ಓಡುತ್ತಾರೆ.